ಕಲ್ಲು ಕಿತ್ತು ಹಾಕಿ ಸ್ವಾಮಿ, ಇನ್ನೊಂದು ಸಿಗಡಿ ತರಬೇಡಿ!

ರೀಫ್ ಅಕ್ವೇರಿಯಂ ಇಟ್ಟವರ ಲೋಕದಲ್ಲಿ ಒಂದು ವೇದವಾಕ್ಯ ಇದೆ. "ಏನು ಬೇಕಾದ್ರೂ ಮಾಡು, ಕಲ್ಲು ಮಾತ್ರ ಮುಟ್ಟಬೇಡ". ಟ್ಯಾಂಕಿನಲ್ಲಿ ಪೀಡೆ ಬಂತಾ? ಅದನ್ನು ತಿನ್ನೋ ಸಿಗಡಿ ತಗೊಂಡು ಬಾ. ಸಿಗಡಿ ಹವಳ ಕಚ್ಚೋಕೆ ಶುರು ಮಾಡಿತಾ? ಹೋಗ್ಲಿ, ಒಂದು ಮೀನು ತಗೊಂಡು ಬಾ. ಮೀನು ಸತ್ತುಹೋಯ್ತಾ? ಅದು ಮೊದಲೇ ಸೊರಗಿದ ಮೀನಿರಬೇಕು, ಇನ್ನೊಂದು ತಗೊಂಡು ಬಾ. ಆದರೆ ಕಲ್ಲು... ಅಯ್ಯೋ, ಕಲ್ಲು ಮುಟ್ಟಿದರೆ ಟ್ಯಾಂಕೇ ಹೋಗಿಬಿಡುತ್ತೆ!

ಈ ವೇದವಾಕ್ಯವನ್ನು ನಾನು ಒಪ್ಪುವುದಿಲ್ಲ. ಅಷ್ಟೇ ಅಲ್ಲ, ಇದನ್ನು ನಂಬಿ ನಂಬಿ ಸುಮ್ಮಸುಮ್ಮನೆ ಎಷ್ಟೋ ಜೀವ ಹೋಗ್ತಿದೆ ಅನ್ನೋದು ನನ್ನ ವಾದ. ಈ ಬ್ಲಾಗಿಗೆ ಬರುವ ಹೆಚ್ಚಿನವರಿಗೆ ಅಕ್ವೇರಿಯಂ ಅಂದರೆ ಡಾಕ್ಟರ ಕ್ಲಿನಿಕ್ಕಿನ ಮೂಲೆಯಲ್ಲಿ ಗುಳುಗುಳು ಅಂತಿರೋ ಗೋಲ್ಡ್ ಫಿಶ್ ಪೆಟ್ಟಿಗೆ. ಹಾಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ಗೊತ್ತಿದ್ದವರು ಒಂದೆರಡು ಪ್ಯಾರಾ ಹಾರಿಸಿ ಮುಂದೆ ಹೋಗಿ, ಬೇಜಾರಿಲ್ಲ.

ರೀಫ್ ಟ್ಯಾಂಕ್ ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಹವಳದ ದಿಬ್ಬದ ಒಂದು ತುಣುಕು. ಸಮುದ್ರದಷ್ಟೇ ಉಪ್ಪಿನ ನೀರು, 25-26 ಡಿಗ್ರಿ ಬಿಸಿ, ಮೇಲೆ ಜೋರು ಬೆಳಕು, ಒಳಗೆ ಅಲೆ ಎಬ್ಬಿಸುವ ಪಂಪು. ಮಧ್ಯದಲ್ಲಿ ಕಲ್ಲು. ಈ ಕಲ್ಲು ಬರೀ ಅಲಂಕಾರಕ್ಕಲ್ಲ. ಇದು ಸತ್ತ ಹವಳದ ಅಸ್ಥಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೋಡೋಕೆ ನಮ್ಮ ಕರಾವಳಿಯ ಮುರಕಲ್ಲಿನ ಹಾಗೇ ತೂತು ತೂತು. ಆ ತೂತುಗಳಲ್ಲಿ ಬ್ಯಾಕ್ಟೀರಿಯಾ ವಾಸ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾ ಮೀನಿಗೇ ವಿಷ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡಿ ಇಡೀ ಟ್ಯಾಂಕನ್ನು ಬದುಕಿಸುವವು ಈ ಬ್ಯಾಕ್ಟೀರಿಯಾ. ಟ್ಯಾಂಕಿನ ಕಿಡ್ನಿ ಅಂದುಕೊಳ್ಳಿ. ಜಕಾರ್ತದ ಲೀ ಚಿನ್ ಎಂಗ್ ಅನ್ನೋರು ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆ, ಇಷ್ಟರಲ್ಲೇ ಹವಳ ಸಾಕುವುದು ಹೇಗೆ ಅಂತ 1961ರಲ್ಲೇ ಬರೆದಿದ್ದರು. ಆಮೇಲೆ 1980ರ ದಶಕದಲ್ಲಿ ಬರ್ಲಿನ್ ಪದ್ಧತಿ ಅಂತ ಹೆಸರಾಗಿ ಅದೇ ಎಲ್ಲ ಕಡೆ ಹಬ್ಬಿತು. ಹೀಗೆ ಸಮುದ್ರದಿಂದ ಜೀವ ಸಮೇತ ಎತ್ತಿ ತಂದ ಕಲ್ಲಿಗೆ "ಲೈವ್ ರಾಕ್" ಅಂತಾರೆ.

ಸಮಸ್ಯೆ ಇರೋದು ಈ "ಜೀವ ಸಮೇತ" ಅನ್ನೋದರಲ್ಲೇ. ಕಲ್ಲಿನ ಜೊತೆ ಸ್ಪಂಜು, ಒಳ್ಳೇ ಹುಳು, ನೇರಳೆ ಬಣ್ಣದ ಪಾಚಿ ಎಲ್ಲ ಬರುತ್ತೆ. ಟಿಕೆಟ್ ಇಲ್ಲದ ಪ್ರಯಾಣಿಕರೂ ಬರ್ತಾರೆ. ಅವರಲ್ಲಿ ಮಹಾಶಯ ಐಪ್ಟೇಸಿಯಾ. ಗಾಜಿನ ಹಾಗೆ ಪಾರದರ್ಶಕವಾದ, ಕಂದು ಬಣ್ಣದ ಪುಟ್ಟ ಅನಿಮೋನಿ. ಮೊದಲ ದಿನ ನೋಡಿದವರು "ಅಯ್ಯೋ ಎಷ್ಟು ಚೆಂದ, ಪುಕ್ಕಟೆ ಬಂತು" ಅಂತಾರೆ. ಆರು ತಿಂಗಳಾದ ಮೇಲೆ ಅಳ್ತಾರೆ. ಅದು ಪಕ್ಕದ ಹವಳಗಳನ್ನೆಲ್ಲ ಕುಟುಕಿ ಕುಟುಕಿ ಜಾಗ ಖಾಲಿ ಮಾಡಿಸುತ್ತೆ. ಕತ್ತರಿಸಿದರೆ ಸಾಯುತ್ತಾ? ಕಲ್ಲಿಗೆ ಅಂಟಿಕೊಂಡ ಬುಡದ ಒಂದು ಚೂರು ಉಳಿದರೂ ಸಾಕು, ಅದೇ ಇನ್ನೊಂದು ಅನಿಮೋನಿ ಆಗುತ್ತೆ. ಯಾರೂ ಕತ್ತರಿಸದಿದ್ದರೂ ತಾನಾಗಿಯೇ ಬುಡದ ಚೂರುಗಳನ್ನು ಹಿಂದೆ ಬಿಟ್ಟು ಮುಂದೆ ಜರುಗುತ್ತೆ!

ದೇವಿ ಮಹಾತ್ಮೆ ಆಟ ನೋಡಿದವರಿಗೆ ಇದು ಯಾರು ಅಂತ ಗೊತ್ತಾಗಿರಬೇಕು. ರಕ್ತಬೀಜಾಸುರ! ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ. ಬೆಳಗಿನ ಜಾವ ಚೆಂಡೆ ಏರುವಾಗ ನಿದ್ದೆಗಣ್ಣಲ್ಲಿ ನೋಡಿದ ಆ ವೇಷ ನನ್ನ ಟ್ಯಾಂಕಿನಲ್ಲಿ ಕೂತಿತ್ತು.

ಟ್ಯಾಂಕಿನ ಇತಿಹಾಸವನ್ನೂ ಹೇಳಿಬಿಡ್ತೇನೆ. ನನ್ನ ಸೀನಿಯರ್ ಒಬ್ಬರು ಆನ್‌ಸೈಟ್ ಅಂತ ಹೋದವರು ಅಲ್ಲೇ ಉಳಿದರು. ಹೋಗುವಾಗ ನಾಲ್ಕಡಿ ಉದ್ದದ, ಸುಮಾರು 400 ಲೀಟರಿನ ಟ್ಯಾಂಕನ್ನು ನನಗೆ ದಾಟಿಸಿದರು. ಕಂಪನಿಯಲ್ಲಿ ಕೆ.ಟಿ. ಕೊಡ್ತಾರಲ್ಲ, ಹಾಗೇ ಒಂದು ಭಾನುವಾರ ಮಧ್ಯಾಹ್ನ ನಾಲೆಡ್ಜ್ ಟ್ರಾನ್ಸ್‌ಫರ್ ಕೂಡ ಆಯ್ತು. ಕೊನೆಯ ಸ್ಲೈಡು: "ಕಲ್ಲು ಮುಟ್ಟಬೇಡ". ಒಳಗೆ ಒಂದು ಜೋಡಿ ಕ್ಲೌನ್ ಮೀನು, ಮೂರ್ನಾಲ್ಕು ಜಾತಿಯ ಮೆದು ಹವಳ, ಹಿಂದಿನ ಗಾಜಿಗೆ ಒರಗಿಸಿ ಪಾಗಾರ ಕಟ್ಟಿದ ಹಾಗೆ ಪೇರಿಸಿದ ಸುಮಾರು 50 ಕಿಲೋ ಕಲ್ಲು. ಹಳೇ ಲೆಕ್ಕ ಅದು, ಒಂದು ಗ್ಯಾಲನ್ ನೀರಿಗೆ ಒಂದರಿಂದ ಎರಡು ಪೌಂಡ್ ಕಲ್ಲು ಅಂತ. ಆ ಪಾಗಾರದ ಹಿಂದೆ ಟಾರ್ಚ್ ಹಿಡಿದು ನೋಡಿದರೆ ಐಪ್ಟೇಸಿಯಾ. ಎಣಿಸಲು ಕೂತೆ. 200 ದಾಟಿದ ಮೇಲೆ ಬಿಟ್ಟೆ.

ಈಗ ವಾದಕ್ಕೆ ಬರೋಣ.

ಅಂಗಡಿಯವರೂ ಹಳೇ ಹವ್ಯಾಸಿಗಳೂ ಹೇಳೋ ಉಪಾಯ ಎಲ್ಲ ಒಂದೇ ಜಾತಿಯವು. ರಕ್ತಬೀಜನಿಗೆ ಕಾಳಿಯನ್ನು ತಂದು ಬಿಡು. ಕತೆಯಲ್ಲಿ ಕಾಳಿ ನಾಲಿಗೆ ಚಾಚಿ ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ರಕ್ತ ಕುಡಿದಳು, ಸರಿ. ಆದರೆ ಟ್ಯಾಂಕಿಗೆ ತರುವ ಕಾಳಿಗೆ ತನ್ನದೇ ಹಸಿವು ಇರುತ್ತೆ ಅನ್ನೋದನ್ನು ಯಾರೂ ಯೋಚಿಸಲ್ಲ.

ಪೆಪ್ಪರ್‌ಮಿಂಟ್ ಸಿಗಡಿ ತಗೊಳ್ಳಿ. ಕೆಲವು ಐಪ್ಟೇಸಿಯಾ ತಿನ್ನುತ್ತವೆ. ಕೆಲವು ನೀವು ಮೀನಿಗೆ ಹಾಕಿದ ಆಹಾರವನ್ನೇ ತಿಂದು ಆರಾಮಾಗಿರುತ್ತವೆ. ಎದುರಿಗೇ ಊಟ ಬೀಳುವಾಗ ಕುಟುಕುವ ಅನಿಮೋನಿ ತಿನ್ನಲು ಅದಕ್ಕೇನು ಹರಕೆಯಾ? ಇನ್ನೂ ತಮಾಷೆ ಅಂದರೆ ಪೆಪ್ಪರ್‌ಮಿಂಟ್ ಅಂತ ಕೊಡೋದರಲ್ಲಿ ಎಷ್ಟೋ ಸಲ ಕ್ಯಾಮೆಲ್ ಸಿಗಡಿ ಇರುತ್ತೆ. ಬೆನ್ನು ಗೂನು, ಕೆಂಪಿನ ಮೇಲೆ ದಪ್ಪ ಬಿಳಿ ಗೆರೆ. ಅದು ಪೀಡೆ ಬಿಟ್ಟು ನಿಮ್ಮ ಹವಳವನ್ನೇ ತಿನ್ನುತ್ತೆ. ಹಿಡಿಯೋಣ ಅಂದರೆ ಎಲ್ಲಿರುತ್ತೆ? ಕಲ್ಲಿನ ಪಾಗಾರದ ಒಳಗೆ. ಕಲ್ಲು ಮುಟ್ಟುವ ಹಾಗಿಲ್ಲವಲ್ಲ!

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಅಂತ ಇನ್ನೊಂದು. ಉದ್ದ ಮೂತಿಯ, ಹಳದಿ ಪಟ್ಟೆಯ ತುಂಬ ಸುಂದರ ಮೀನು. ಸಮುದ್ರದಿಂದ ಹಿಡಿದು ತಂದದ್ದು. ಟ್ಯಾಂಕಿನಲ್ಲಿ ಕೊಟ್ಟ ಆಹಾರ ಮುಟ್ಟದೇ ಸೊರಗಿ ಸಾಯೋದರಲ್ಲಿ ಇದು ಕುಖ್ಯಾತ. ಅದೃಷ್ಟ ಇದ್ದರೆ ಐಪ್ಟೇಸಿಯಾ ತಿನ್ನುತ್ತೆ, ಇಲ್ಲದಿದ್ದರೆ ಇಲ್ಲ. "ಒಂದು ಸತ್ತರೆ ಇನ್ನೊಂದು ತಂದ್ರಾಯ್ತು" ಅಂತ ಒಬ್ಬ ಅಂಗಡಿಯವರು ನನ್ನೆದುರಿಗೇ ಹೇಳಿದರು, ಬಲ್ಬು ಬದಲಾಯಿಸುವ ಧಾಟಿಯಲ್ಲಿ. ನನಗೆ ಮಾತೇ ಹೊರಡಲಿಲ್ಲ. ಸಾವಿರಾರು ಮೈಲಿ ದೂರದ ಹವಳದ ದಿಬ್ಬದಿಂದ ಹಿಡಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ವಿಮಾನ ಹತ್ತಿಸಿ ತಂದ ಪ್ರಾಣಿಯನ್ನು ನಾವು ಬಾಟಲಿ ಕ್ಲೀನ್ ಮಾಡುವ ಬ್ರಷ್ಷಿನ ಹಾಗೆ ಬಳಸ್ತಿದ್ದೀವಿ.

ಬರ್ಗಿಯಾ ಅಂತ ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳು ಒಂದಿದೆ. ಇದು ನಿಜವಾದ ಕಾಳಿ. ಐಪ್ಟೇಸಿಯಾ ಬಿಟ್ಟರೆ ಬೇರೇನೂ ತಿನ್ನಲ್ಲ. ಹಾಗಾದರೆ ಕೆಲಸ ಮುಗಿದ ದಿನ ಅದರ ಗತಿ? ಉಪವಾಸ ಬಿದ್ದು ಸಾಯೋದು. ಇನ್ನೊಬ್ಬ ಹವ್ಯಾಸಿಗೆ ದಾಟಿಸಬಹುದು, ನಿಜ. ಆದರೆ ಅಕ್ಕಿಕಾಳಿನಷ್ಟು ದೊಡ್ಡದಿರೋ, ರಾತ್ರಿ ಮಾತ್ರ ಹೊರಗೆ ಬರೋ ಹುಳುವನ್ನು 50 ಕಿಲೋ ಕಲ್ಲಿನ ಸಂದಿಯಿಂದ ಎಷ್ಟು ಜನ ಹುಡುಕಿ ತೆಗೆದಿದ್ದಾರೆ?

ಇಂಜೆಕ್ಷನ್ ಹಾಕೋದು ಮೂರನೇ ದಾರಿ. ಸಿರಿಂಜಿನಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟು ತುಂಬಿ ಅನಿಮೋನಿಯ ಬಾಯಿಗೆ ಬಿಡೋದು. (ಜರ್ಮನ್ ಹೆಸರಿನಲ್ಲಿ ಡಬ್ಬಿಗಟ್ಟಿ ಮಾರುವ ಈ ಪುಡಿ ಮತ್ತೇನಲ್ಲ, ನಮ್ಮಜ್ಜಿ ವೀಳ್ಯದೆಲೆಗೆ ಸವರುತ್ತಿದ್ದ ಸುಣ್ಣ. ಶುದ್ಧವಾಗಿರಬೇಕು ಅಷ್ಟೇ.) ಇದು ಕೆಲಸ ಮಾಡುತ್ತೆ, ನಾನೂ ಬಳಸ್ತೇನೆ. ಆದರೆ ಎರಡಕ್ಕೆ, ನಾಲ್ಕಕ್ಕೆ. 200ಕ್ಕಲ್ಲ. ಅದೂ ಕಣ್ಣಿಗೆ ಕಂಡು ಸೂಜಿ ಹೋಗುವ ಜಾಗದಲ್ಲಿದ್ದರೆ ಮಾತ್ರ. ಪಾಗಾರದ ಹಿಂದೆ ಇರುವವನ ಬಾಯಿಗೆ ಸೂಜಿ ಹಿಡಿಯೋದು ಹೇಗೆ?

ಈ ಎಲ್ಲ ಉಪಾಯಗಳೂ ಸೋಲೋದು ಒಂದೇ ಕಾರಣಕ್ಕೆ. ಐಪ್ಟೇಸಿಯಾ ಸಮಸ್ಯೆ ಅಲ್ಲ, ಕಲ್ಲನ್ನು ಜೋಡಿಸಿದ ರೀತಿ ಸಮಸ್ಯೆ. ಹಿಂದಿನ ಗಾಜಿಗೆ ಒತ್ತಿ ಪೇರಿಸಿದಾಗ ಅಲ್ಲಿ ನೀರು ಓಡಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲ ಅಲ್ಲಿ ಕೂರುತ್ತೆ. ಪೀಡೆಗೆ ಅಲ್ಲಿ ನೆರಳು, ಊಟ, ರಕ್ಷಣೆ ಮೂರೂ ಉಚಿತ. ಎದುರಿನ ಹತ್ತನ್ನು ಕೊಂದರೆ ಹಿಂದಿನ ನೂರು ಬರುತ್ತವೆ. ನಾವು ಅವಕ್ಕೆ ಹಾಸ್ಟೆಲ್ ಕಟ್ಟಿಕೊಟ್ಟು ಆಮೇಲೆ ಯಾಕೆ ಬಂದಿರಿ ಅಂತ ಕೇಳ್ತಿದ್ದೀವಿ!

ಇದನ್ನು ನಾನು ಹೇಳಿದರೆ ನಂಬಬೇಡಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ನ್ಯೂಕ್ವೇ ಊರಿನಲ್ಲಿ ಬ್ಲೂ ರೀಫ್ ಅಕ್ವೇರಿಯಂ ಇದೆ, ಸಾರ್ವಜನಿಕರು ಟಿಕೆಟ್ ಕೊಟ್ಟು ನೋಡುವಂಥದ್ದು. ಅಲ್ಲಿನ ಹವಳಗಳನ್ನು ರಾತ್ರಿ ಯಾರೋ ಕತ್ತರಿಸಿ ಹಾಕುತ್ತಿದ್ದರು, ಮೀನಿಗೂ ಗಾಯ. ಸಿಬ್ಬಂದಿ ಆಮಿಷ ಇಟ್ಟು ಬೋನು ಹೂಡಿದರು. ಏನೂ ಸಿಗಲಿಲ್ಲ. ಕೊನೆಗೆ 2009ರಲ್ಲಿ ಒಂದೊಂದೇ ಕಲ್ಲು ಎತ್ತಿ ಇಡೀ ಜೋಡಣೆಯನ್ನೇ ಬಿಚ್ಚಿದರು. ಒಳಗಿಂದ ಹೊರಬಂದದ್ದು ನಾಲ್ಕಡಿ ಉದ್ದದ ಹುಳ! ಕಲ್ಲಿನ ಜೊತೆ ಚಿಕ್ಕದಿರುವಾಗಲೇ ಬಂದು ಒಳಗೇ ಬೆಳೆದದ್ದಿರಬೇಕು. ಅವರೇನೂ ನಮ್ಮ ಹಾಗೆ ಶನಿವಾರ ಭಾನುವಾರದ ಹವ್ಯಾಸಿಗಳಲ್ಲ, ವೃತ್ತಿಯವರು. ಬೋನಿನಿಂದ ಆಗದೇ ಇದ್ದದ್ದು ಕಲ್ಲು ಎತ್ತಿದ್ದರಿಂದ ಆಯ್ತು. (ಹುಳಕ್ಕೆ ಬ್ಯಾರಿ ಅಂತ ಹೆಸರಿಟ್ಟು ಅದಕ್ಕೇ ಒಂದು ಬೇರೆ ಟ್ಯಾಂಕ್ ಕೊಟ್ಟರಂತೆ. ನನಗೆ ಖುಷಿಯಾದ ಸಂಗತಿ ಅದು.)

ಆಫೀಸಿನಲ್ಲಿ ಇದೇ ವಿಷಯಕ್ಕೆ ಗೆಳೆಯನೊಬ್ಬ ಜಗಳಕ್ಕೆ ಬಂದ. "ಅಲ್ಲ ಮಾರಾಯ, ನೀನೇ ಇಂಜಿನಿಯರ್ ಆಗಿ ರೀರೈಟ್ ಮಾಡ್ತೀನಿ ಅಂತೀಯಲ್ಲ? ಜೋಯೆಲ್ ಸ್ಪೋಲ್ಸ್ಕಿ ಓದಿಲ್ವಾ?" ಓದಿದ್ದೇನೆ. ನೆಟ್‌ಸ್ಕೇಪ್‌ನವರು ಓಡುತ್ತಿದ್ದ ಕೋಡನ್ನು ಎಸೆದು ಮೊದಲಿನಿಂದ ಬರೆಯಲು ಹೊರಟದ್ದು ಎಷ್ಟು ದೊಡ್ಡ ತಪ್ಪು ಅಂತ ಆತ 2000ದಲ್ಲಿ ಬರೆದ ಪ್ರಬಂಧವನ್ನು ನಮ್ಮ ಕಸುಬಿನವರೆಲ್ಲ ಬಾಯಿಪಾಠ ಮಾಡಿದ್ದಾರೆ. ಹಳೇ ಕೋಡಿನಲ್ಲಿ ವರ್ಷಗಟ್ಟಲೆ ಸೇರಿದ ತಿಳುವಳಿಕೆ ಇರುತ್ತೆ, ಎಸೆದರೆ ಅದೂ ಹೋಗುತ್ತೆ ಅನ್ನೋದು ವಾದ. ಸರಿಯಾದ ವಾದವೇ. ಆದರೆ ಹಳೇ ಕೋಡಿನ ಬಗ್ಗುಗಳು ನೀವು ನಿದ್ದೆ ಮಾಡುವಾಗ ಮರಿ ಹಾಕುವುದಿಲ್ಲ (ನಮ್ಮ ಮ್ಯಾನೇಜರ್ ಇದನ್ನು ಒಪ್ಪಲಿಕ್ಕಿಲ್ಲ :-) ). ಎರಡನೆಯದು, ಹಳೇ ಕಲ್ಲಿನಲ್ಲಿ ಇರುವ ಬೆಲೆಬಾಳುವ ವಸ್ತು ಯಾವುದು? ಬ್ಯಾಕ್ಟೀರಿಯಾ. ಅದು ಕಲ್ಲಿಗೇ ಅಂಟಿಕೊಂಡಿರಬೇಕು ಅಂತ ಏನಿಲ್ಲ. ಬೇರೆ ಮನೆ ಕೊಟ್ಟರೆ ಅಲ್ಲೂ ಸಂಸಾರ ಹೂಡುತ್ತೆ. "ಕಲ್ಲು ಮುಟ್ಟಬೇಡ" ಅನ್ನುವವರು ಕಿಡ್ನಿಗೂ ಕಲ್ಲಿಗೂ ಗಂಟು ಹಾಕಿಬಿಟ್ಟಿದ್ದಾರೆ.

ನಾನು ಮಾಡಿದ್ದು ಇಷ್ಟು. ಮೊದಲು ಟ್ಯಾಂಕಿನ ಕೆಳಗಿನ ಸಂಪಿನಲ್ಲಿ, ಅಂದರೆ ನೀರು ಇಳಿದು ಶೋಧನೆಯಾಗುವ ಕೆಳತೊಟ್ಟಿಯಲ್ಲಿ, ರಂಧ್ರ ರಂಧ್ರವಾದ ಸೆರಾಮಿಕ್ ಇಟ್ಟಿಗೆಗಳನ್ನು ಇಟ್ಟು ಮೂರು ತಿಂಗಳು ಸುಮ್ಮನೆ ಬಿಟ್ಟೆ. ಬ್ಯಾಕ್ಟೀರಿಯಾ ಅಲ್ಲೂ ನೆಲೆಯೂರಿತು. ಹೊಸ ಸರ್ವರ್ ಚಾಲೂ ಆಗಿ ನಿಂತ ಮೇಲೆ ಹಳೇ ಸರ್ವರ್ ಬಂದ್ ಮಾಡೋದು, ಅಷ್ಟೇ. ಆಮೇಲೆ ಒಂದು ಶುಕ್ರವಾರ ರಾತ್ರಿ 200 ಲೀಟರ್ ಹೊಸ ಉಪ್ಪುನೀರು ಕಲಸಿ ಇಟ್ಟುಕೊಂಡೆ. ಶನಿವಾರ ಬೆಳಿಗ್ಗೆ ಮೀನುಗಳನ್ನು ಒಂದು ಟಬ್ಬಿಗೆ, ಹವಳಗಳನ್ನು ಇನ್ನೊಂದಕ್ಕೆ. ಮೆದು ಹವಳಗಳನ್ನು ಬ್ಲೇಡಿನಲ್ಲಿ ಬುಡ ಬಿಡಿಸಿ, ಹಳೇ ಕಲ್ಲಿನ ಚೂರೂ ಜೊತೆಗೆ ಬಾರದ ಹಾಗೆ ಹೊಸ ತುಂಡುಗಳಿಗೆ ಅಂಟಿಸಿದೆ. ಅವನ್ನು ನೇರ ಟ್ಯಾಂಕಿಗೆ ಹಾಕಲಿಲ್ಲ. ಆರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು, ಭೂತಗನ್ನಡಿ ಹಿಡಿದು ಬುಡ ನೋಡುತ್ತಿದ್ದೆ. ಎರಡು ತುಂಡುಗಳಲ್ಲಿ ಸಾಸಿವೆಕಾಳಿನಷ್ಟು ಪುಟಾಣಿ ರಕ್ತಬೀಜ ಸಿಕ್ಕಿದ! ಅಲ್ಲೇ ಸುಣ್ಣ ಕೊಟ್ಟು ಕಳಿಸಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೇ ಹೋದರೆ ಪಾಪ ತಟ್ಟುತ್ತೆ. ಕಲ್ಲಿನ ಪೀಡೆ ಕೊಲ್ಲಲು ಕಲ್ಲನ್ನು ಕುದಿಸಿ ಅಂತ ಯಾರಾದರೂ ಹೇಳಿದರೆ ಕೈಮುಗಿದು ಎದ್ದು ಬನ್ನಿ. ಜೊಆಂಥಿಡ್ ಅನ್ನೋ ಗುಂಡಿಯಂಥ ಹವಳಜೀವಿಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಅನ್ನೋದರಲ್ಲಿ, ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತೆ. ಕುದಿಸಿದರೆ ಅದು ಹಬೆಯ ಜೊತೆ ಗಾಳಿಗೆ ಬರುತ್ತೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಒಂದು ಮನೆಯವರು ಟ್ಯಾಂಕಿನ ಹವಳ ಶುಚಿ ಮಾಡಲು ಹೋಗಿ ಇಡೀ ಕುಟುಂಬ ಆಸ್ಪತ್ರೆ ಸೇರಿತು. ಕೈಗವಸು, ಕನ್ನಡಕ ಕಡ್ಡಾಯ. ಬ್ಲೇಡಿನಲ್ಲಿ ಕತ್ತರಿಸುವಾಗ ಕಣ್ಣಿಗೆ ಹನಿ ಸಿಡಿದರೂ ಕಷ್ಟ. ಬ್ಲೀಚು ಮತ್ತು ಆ್ಯಸಿಡ್ ಎರಡನ್ನೂ ಒಟ್ಟಿಗೆ ತರಬೇಡಿ, ಕ್ಲೋರಿನ್ ಅನಿಲ ಬರುತ್ತೆ, ಬಾತ್‌ರೂಮಿನಲ್ಲೇ ಕತೆ ಮುಗಿಯುತ್ತೆ.

ಹೊಸ ಜೋಡಣೆಯ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕೆಂದರೆ ನನ್ನ ಪ್ರಕಾರ ಇಡೀ ಔಷಧಿ ಇರೋದು ಇಲ್ಲೇ. ನಿಯಮ ಒಂದೇ ಇಟ್ಟುಕೊಂಡೆ: ನನ್ನ ಕೈ ಹೋಗದ ಜಾಗ ಟ್ಯಾಂಕಿನಲ್ಲಿ ಇರಕೂಡದು. ಪಾಗಾರದ ಬದಲು ಎರಡು ದ್ವೀಪ. ನಾಲ್ಕೂ ಕಡೆ ಗಾಜಿನಿಂದ ಒಂದು ಗೇಣಿನಷ್ಟು ದೂರ. ಹೀಗಾಗಿ ಹಿಂದೆಯೂ ನೀರು ಸುತ್ತುತ್ತೆ, ಕಸ ಕೂರಲ್ಲ, ಗಾಜು ಉಜ್ಜುವ ಬ್ರಷ್ ಹೋಗುತ್ತೆ, ಮುಖ್ಯವಾಗಿ ಸಿರಿಂಜ್ ಹೋಗುತ್ತೆ. ಕಲ್ಲನ್ನು ಮರಳಿನ ಮೇಲೆ ಇಡಲಿಲ್ಲ, ಮೊದಲು ತಳದ ಗಾಜಿನ ಮೇಲೆ ಕೂರಿಸಿ ಆಮೇಲೆ ಸುತ್ತ ಮರಳು ಹಾಕಿದೆ. ಮರಳಿನ ಮೇಲಿಟ್ಟರೆ ಯಾವುದೋ ಮೀನು ಬುಡ ಅಗೆದು, ಅರ್ಧರಾತ್ರಿ ಕಲ್ಲು ಉರುಳಿ ಗಾಜಿಗೆ ಬಡಿದರೆ ಕೆಳಗಿನ ಮನೆಯವರಿಗೆ ಉಚಿತ ಸಮುದ್ರಸ್ನಾನ.

ಪ್ರತಿ ದ್ವೀಪವೂ ಮೂರು ಕಾಲಿನ ಮೇಜಿನ ಹಾಗೆ. ಕಲ್ಲಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು ಅಕ್ರಿಲಿಕ್ ಕಡ್ಡಿ ತೂರಿಸಿ, ಸಂದಿಗೆ ಎಪಾಕ್ಸಿ ತುಂಬಿದ್ದೇನೆ. ಮೇಲೆ ಚಪ್ಪಟೆ ಕಲ್ಲು, ಕೆಳಗೆ ಮೀನಿಗೆ ಗುಹೆ. ಇನ್ನೂ ಒಂದು ಉಪಾಯ: ಮೇಲಿನ ಕಲ್ಲುಗಳನ್ನು ಅಂಟಿಸಿಲ್ಲ, ಕಡ್ಡಿಯ ಮೇಲೆ ಸುಮ್ಮನೆ ಕೂರಿಸಿದ್ದೇನೆ. ಯಾವುದಾದರೂ ಒಂದು ಕಲ್ಲಿಗೆ ಪೀಡೆ ಹತ್ತಿದರೆ ಅದೊಂದನ್ನೇ ಎತ್ತಿ ಹೊರಗೆ ತರಬಹುದು. ಉಳಿದದ್ದು ಅಲ್ಲಾಡಲ್ಲ. ನಮ್ಮ ಭಾಷೆಯಲ್ಲಿ ಮಾಡ್ಯುಲರ್ ಅಂತಾರಲ್ಲ, ಅದೇ. ಒಟ್ಟು 18 ಕಿಲೋ ಕಲ್ಲು, ಮೊದಲಿನ 50ರ ಎದುರು. ಮೀನಿಗೆ ಈಜಲು ಈಗ ಜಾಗ ಇದೆ. ಕ್ಲೌನ್ ಮೀನುಗಳು ಮೊದಲ ಎರಡು ದಿನ ಹೊಸ ಲೇಔಟಿಗೆ ಸೈಟ್ ನೋಡಲು ಬಂದವರ ಹಾಗೆ ಸುತ್ತಿದ್ದೇ ಸುತ್ತಿದ್ದು!

ಅಮೋನಿಯಾ? ಮೊದಲ ವಾರ ದಿನಾ ಪರೀಕ್ಷೆ ಮಾಡಿದೆ. ಏರಲೇ ಇಲ್ಲ. ಒಂದು ಮೀನೂ ಸಾಯಲಿಲ್ಲ.

ಇದಕ್ಕೆ ಬರುವ ಒಂದು ಆಕ್ಷೇಪಣೆ ಗಟ್ಟಿಯಾದದ್ದು, ಅದನ್ನು ಅಡಗಿಸಿ ವಾದ ಗೆಲ್ಲೋದು ಬೇಡ. ಒಣಕಲ್ಲು ಸತ್ತ ಕಲ್ಲು. ಅದರಲ್ಲಿ ಸಮುದ್ರದ ವೈವಿಧ್ಯ ಇಲ್ಲ. ಖಾಲಿ ಜಾಗ ಇದ್ದಾಗ ಯಾರು ಮೊದಲು ಬರ್ತಾರೋ ಅವರದ್ದೇ ರಾಜ್ಯ. ಮೊದಲು ಕಂದು ಧೂಳಿನಂಥ ಡಯಾಟಮ್, ಆಮೇಲೆ ಕೂದಲಿನಂಥ ಹಸಿರು ಪಾಚಿ, ಕೆಲವರಿಗೆ ಡೈನೊಫ್ಲಾಜೆಲೇಟ್ ಅನ್ನೋ ಲೋಳೆ. ಕೊನೆಯದಂತೂ ತುಂಬಾ ಕಾಡುತ್ತೆ. ಇದೆಲ್ಲ ನಿಜ. ನನ್ನ ಟ್ಯಾಂಕೂ ಎರಡು ತಿಂಗಳು ಮಳೆಗಾಲದ ಬಚ್ಚಲುಕಲ್ಲಿನ ಹಾಗೇ ಕಾಣುತ್ತಿತ್ತು, ಮನೆಗೆ ಬಂದವರೆಲ್ಲ ಅನುಕಂಪದಿಂದ ನೋಡಿ ಕಾಫಿ ಕುಡಿದು ಹೋದರು. ಆದರೆ ಪಾಚಿ ಬರುತ್ತೆ, ಹೋಗುತ್ತೆ. ಹೋಗದಿದ್ದರೆ ಕೈಯಲ್ಲಿ ಕೀಳಬಹುದು. ಕಿತ್ತರೆ ಒಂದು ನೂರಾಗಲ್ಲ. ಏಳು ತಿಂಗಳಾಯ್ತು. ಇಲ್ಲಿಯವರೆಗೆ ಎರಡೇ ಎರಡು ಐಪ್ಟೇಸಿಯಾ ಕಂಡವು, ಎರಡೂ ಎಟುಕುವ ಜಾಗದಲ್ಲಿ. ತಲಾ ಒಂದು ನಿಮಿಷದ ಕೆಲಸ.

ಇನ್ನು "ಸಮುದ್ರದ ಕಲ್ಲೇ ಸಹಜ, ಅದೇ ಒರಿಜಿನಲ್" ಅನ್ನುವವರಿಗೆ. ನನ್ನ ಸಿಟ್ಟು ನಿಜವಾಗಿ ಇರೋದು ಇಲ್ಲಿ. ಸಮುದ್ರದಲ್ಲಿ ಐಪ್ಟೇಸಿಯಾ ಪೀಡೆ ಅಲ್ಲವೇ ಅಲ್ಲ, ಸಾವಿರ ಜೀವಿಗಳ ನಡುವೆ ಅದೂ ಒಂದು. ಅದನ್ನು ಅದರ ಊರಿನಿಂದ ಕಿತ್ತು ನಾಲ್ಕಡಿ ಪೆಟ್ಟಿಗೆಗೆ ತಂದು ಪೀಡೆ ಮಾಡಿದ್ದು ನಾವು. ಆ ಕಲ್ಲು ಎಲ್ಲಿಂದ ಬಂತು ಅಂತ ಎಷ್ಟು ಜನ ಕೇಳಿದ್ದೀರಿ? ನಾನು ಕೇಳಿದಾಗ ಸಿಕ್ಕ ಉತ್ತರ "ಇಂಪೋರ್ಟೆಡ್ ಸಾರ್". ಬಿಲ್ಲು? ಬಿಲ್ಲಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದರು. ಹುಲಿಯ ಹೆಸರಿರುವ ಪಟ್ಟಿ ಅದು. ರಾಮೇಶ್ವರದಿಂದ ತೂತ್ತುಕುಡಿವರೆಗಿನ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸಾಲಿದೆ, 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಆಯ್ತು. ಅಲ್ಲಿ ದಶಕಗಟ್ಟಲೆ ಹವಳದ ಕಲ್ಲನ್ನು ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ಕಿತ್ತರು. ಆ 21ರಲ್ಲಿ ಎರಡು ದ್ವೀಪ ಈಗ ನೀರಿನಡಿ. ಅಲೆಯನ್ನು ತಡೆಯುತ್ತಿದ್ದ ಕಲ್ಲು ಹೋದ ಮೇಲೆ ದ್ವೀಪವೂ ಹೋಯ್ತು. ಅಮೆರಿಕದ ಫ್ಲಾರಿಡಾದಲ್ಲಿ ಸಮುದ್ರದ ಲೈವ್ ರಾಕ್ ಕೀಳೋದನ್ನು 1997ರ ಹೊತ್ತಿಗೆ ಪೂರ್ತಿ ನಿಲ್ಲಿಸಿಬಿಟ್ಟರು. ಅಲ್ಲಿ ಗಣಿಯ ಸುಣ್ಣಕಲ್ಲನ್ನು ಸಮುದ್ರದ ತಳಕ್ಕೆ ಹಾಕಿ, ವರ್ಷಗಟ್ಟಲೆ ಕಾದು, ಜೀವ ಹತ್ತಿದ ಮೇಲೆ ಅದನ್ನೇ ಎತ್ತಿ ಮಾರುತ್ತಾರೆ. ನಾವು ಇನ್ನೂ ಒರಿಜಿನಲ್ ಬೇಕು ಅಂತ ಕೂತಿದ್ದೀವಿ.

ನಿಜವಾದ ದಿಬ್ಬಕ್ಕೆ ಪೀಡೆ ಬಂದರೆ ಏನಾಗುತ್ತೆ ಗೊತ್ತಾ? ಅದೇ ಮನ್ನಾರ್ ಕೊಲ್ಲಿಯ ಮಂಡಪಂ ಹತ್ತಿರ ಕೃಷಿಗೆ ಅಂತ ಹೊರದೇಶದಿಂದ ತಂದ ಕಪ್ಪಾಫೈಕಸ್ ಅನ್ನೋ ಕಡಲಪಾಚಿ ಹಗ್ಗ ಬಿಟ್ಟು ತಪ್ಪಿಸಿಕೊಂಡು ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿರುವುದು 2008ರಲ್ಲಿ ವರದಿಯಾಯ್ತು. ಅಲ್ಲಿ ಮುಳುಗಿ ಮುಳುಗಿ ಕೈಯಲ್ಲಿ ಕೀಳಬೇಕು, ಚೂರು ಉಳಿದರೆ ಮತ್ತೆ ಚಿಗುರುತ್ತೆ. ಸಮುದ್ರದಲ್ಲಿ ಕಲ್ಲು ಹೊರಗೆ ತೆಗೆದು ಹೊಸದಾಗಿ ಜೋಡಿಸುವ ಸೌಕರ್ಯ ಯಾರಿಗೂ ಇಲ್ಲ. ಆ ಸೌಕರ್ಯ ಇರುವುದು ಟ್ಯಾಂಕ್ ಇಟ್ಟ ನಮಗೆ ಮಾತ್ರ. ಅದನ್ನೇ ಬಳಸಬಾರದು ಅಂದರೆ ಹೇಗೆ?

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಒಮ್ಮೆ ನೀರಿಗಿಳಿದು ನೋಡಿ. ನಮ್ಮದೇ ಕರಾವಳಿಯ ಹವಳ, ಅದರ ಸಂದಿಯಲ್ಲಿ ಮೀನು. ಅಲ್ಲಿಂದ ಒಂದು ಕಲ್ಲು ಎತ್ತಿಕೊಂಡು ಬರುವ ಮನಸ್ಸು ನಿಮಗೆ ಬರುತ್ತಾ? ಬರಲ್ಲ ಅಂದರೆ, ಬಿಲ್ಲಿಲ್ಲದ ಇಂಪೋರ್ಟೆಡ್ ಕಲ್ಲು ತರೋಕೆ ಹೇಗೆ ಬರುತ್ತೆ? ಮೀನಿನ ವಿಷಯದಲ್ಲಿ ದಾರಿ ಆಗಲೇ ಇದೆ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ಕಂಡುಕೊಂಡಿದ್ದಾರೆ. ಕಲ್ಲಿನ ವಿಷಯದಲ್ಲಂತೂ ಮರಿ ಮಾಡಿಸುವ ಕಷ್ಟವೂ ಇಲ್ಲ. ಸೆರಾಮಿಕ್ ಇದೆ, ಬಿಳಿ ಸಿಮೆಂಟಿನಲ್ಲಿ ಮನೆಯಲ್ಲೇ ಎರಕ ಹೊಯ್ಯಬಹುದು.

ಹಳೇ 50 ಕಿಲೋ ಏನಾಯ್ತು ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ದಾರೆ, ಒಬ್ಬರು ಕೊಳ್ಳೋಕೂ ತಯಾರು. ಕೊಡಲ್ಲ. ಕೆಲವು ತುಂಡುಗಳ ಮೇಲೆ ಹವಳದ ನಕ್ಷತ್ರದ ಗುರುತು ಸ್ಪಷ್ಟವಾಗಿ ಕಾಣುತ್ತೆ. ಬಿಸಿಲಿಗೆ ಒಣಗಿ ಬಾಲ್ಕನಿಯಲ್ಲಿ ಡಬ್ಬಿಯೊಳಗಿವೆ. ಏನು ಮಾಡಬೇಕು ಅಂತ ಕೇಳಿ ಅರಣ್ಯ ಇಲಾಖೆಗೆ ಪತ್ರ ಹಾಕಿದ್ದೇನೆ. ದಯವಿಟ್ಟು ಯಾರೂ ಇಂಥ ಕಲ್ಲನ್ನು ವಾಪಸ್ ಸಮುದ್ರಕ್ಕೆ ಹಾಕುವ ಪುಣ್ಯಕಾರ್ಯ ಮಾಡಬೇಡಿ, ಎಲ್ಲಿಯದೋ ರಕ್ತಬೀಜ ಎಲ್ಲಿಗೋ ಹೋಗುತ್ತಾನೆ.

ಸಿಮೆಂಟ್ ಕಲ್ಲು ಹೊಯ್ಯುವ ಅಳತೆ, ಅದನ್ನು ಎಷ್ಟು ವಾರ ನೀರಿನಲ್ಲಿ ನೆನೆಸಿ ಕ್ಷಾರ ಇಳಿಸಬೇಕು ಅನ್ನೋದು ಮುಂದಿನ ಪೋಸ್ಟಿನಲ್ಲಿ, ಫೋಟೋ ಸಮೇತ. ಕಾಪರ್‌ಬ್ಯಾಂಡ್ ಮೀನನ್ನು ಎರಡು ವರ್ಷಕ್ಕಿಂತ ಹೆಚ್ಚು ಬದುಕಿಸಿದವರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಏನು ತಿನ್ನಿಸಿದಿರಿ ಅಂತ ಮಾತ್ರ ವಿವರವಾಗಿ ಬರೆಯಿರಿ.